ಹದಿಮೂರನೇ ಹೆಸರು

ಗುಳೇದಗುಡ್ಡದಾಗ ನಮ್ಮ ಭಿಶಿಗೆ
ಹನ್ನೆರಡು ಮಂದಿ, ಹದಿಮೂರು ಹೆಸರು.
ಹದಿಮೂರನೇದು ಹಳ್ಳದ್ದು.
ವಹಿಯೊಳಗ ನಾನಽ ಬರದೀನಿ, ನೀಲಿ ಶಾಯಿಲೆ:
ಹಳ್ಳ. ತಂದೆ, ಗುಡ್ಡ.
ಉದ್ಯೋಗ, ಮೊದಲು ಹರಿಯೂದು, ಈಗ ಏನೂ ಇಲ್ಲ.

ತಿಂಗಳಿಗೆ ಐದುನೂರರ ಕಂತು.
"ಹಳ್ಳ ಎಲ್ಲಿಂದ ತರತೈತಿ?"
ಅಂತ ನಕ್ಕಿದ್ದ ಬ್ಯಾಂಕಿನ ಸಾಹೇಬ.
ಅವನ ಫಾರ್ಮಿನೊಳಗ ಎಮ್ಮಿಗೆ ಸಾಲ ಇತ್ತು,
ಹೊಲಿಗಿ ಮಶೀನಿಗೆ ಇತ್ತು,
ಬ್ಯಾರೆ ಹೆಸರಿಲೆ ಮದುವಿಗೆ ಸೈತ ಇತ್ತು.
ಹಳ್ಳಕ್ಕ ಖಾನೆ ಇರಲಿಲ್ಲ.

ಹಳ್ಳದ ಎದಿ ತುಂಬ ಬಳ್ಳಾರಿ ಜಾಲಿ.
ಅಮಾಸಿಗೆ ಮಗ್ಗಕ್ಕ ಸೂಟಿ, ನಮಗಿಲ್ಲ.
ಜೈತುನಬಿ ಕೊಡಲಿ, ಗುರಸಿದ್ದವ್ವ ಕುಡಗೋಲು,
ಕಡದು, ಬೇರು ಕಿತ್ತು, ಹೊರಿ ಕಟ್ಟಿ
ಇಟ್ಟಂಗಿ ಭಟ್ಟಿಗೆ ತೂಗಿ ಹಾಕಿದ್ವಿ.
ತನ್ನ ಮೈಯಾಗಿನ ಮುಳ್ಳು ಮಾರಿ
ಹಳ್ಳ ಕಂತು ಕಟ್ಟಿತು.
ಒಂದು ತಿಂಗಳೂ ತಪ್ಪಿಸಲಿಲ್ಲ.
ತಪ್ಪಿಸಿದಾಕಿ ನಾನು, ಎರಡು ಸಲ.

ಆರನೇ ತಿಂಗಳು ಚೀಟಿ ಎತ್ತಾಕ
ಚಂಪವ್ವನ ಮೊಮ್ಮಗಳು ಗಡಿಗಿಗೆ ಕೈ ಹಾಕಿದ್ಲು.
ಆ ತಿಂಗಳಽ ನನಗ ಬೇಕಾಗಿತ್ತು.
ಮಗ್ಗದ ಡಾಬಿ ಮುರದು ಕುಂತಿತ್ತು,
ಎರಡು ವಾರದಿಂದ ಒಂದು ಖಣ ಇಳದಿರಲಿಲ್ಲ.
ದೇವರಿಗೆ ಅಲ್ಲ, ಗಡಿಗಿಗೆ ಹರಕಿ ಹೊತ್ತಿದ್ದೆ.
ಹುಡುಗಿ ಚೀಟಿ ಬಿಚ್ಚಿ, ಅಕ್ಷರ ಕೂಡಿಸಿ
ಓದಿದ್ಲು: ಹ... ಳ್ಳ.

ಯಾರೂ ಮಾತಾಡಲಿಲ್ಲ.
ಆರೂವರಿ ಸಾವಿರ, ಕಾಶವ್ವನ ಸೆರಗಿನ ಗಂಟಿನಾಗ.
"ಅದಕ್ಕೇನು ಗೊತ್ತಾಗತೈತಿ," ಅಂದೆ ನಾನು,
"ಮುಂದಿನ ತಿಂಗಳು ಕೊಟ್ಟರಾತು.
ಹಳ್ಳ ಎಲ್ಲಿಗೂ ಓಡಿ ಹೋಗೂದಿಲ್ಲ."
ಎಲಿ ಅಡಕಿ ತುಂಬಿದ ಬಾಯಿಲೆ ಜೈತುನಬಿ
"ಓಡಲಿ ಅಂತಽ ಅಲ್ಲೇನವಾ ಇದೆಲ್ಲಾ" ಅಂದ್ಲು.
ಆಮ್ಯಾಲೆ ಸಾವಕಾಶ,
"ನೀ ತಪ್ಪಿಸಿದ ಎರಡು ಕಂತು ಯಾರು ತುಂಬಿದ್ರು?
ವಹಿ ನೋಡು."

ನೋಡಿದೆ. ನಂದಽ ಅಕ್ಷರ, ಅದಽ ನೀಲಿ ಶಾಯಿ:
ಕಟಗಿ ಮಾರಿ ಉಳದದ್ದು, ಹಳ್ಳದ ಖಾತೆಯಿಂದ,
ಕೈಗಡ.

ಆ ದುಡ್ಡಿಲೆ ಕಲ್ಲಿನ ಒಡ್ಡು ಮೂರು,
ಹುಲ್ಲಿನ ಬೀಜ ಒಂದು ಚೀಲ,
ಕಲ್ಲು ಕಟ್ಟೂ ಕೆಂಚಪ್ಪನ ಕೂಲಿ, ಅವನ ಚಾ.
ನನ್ನ ಡಾಬಿ ಮತ್ತೆರಡು ತಿಂಗಳು ಹಂಗಽ ಕುಂತಿತು.
ಹೊಟ್ಟ್ಯಾಗ ಉರಿ ಇರಲಿಲ್ಲ ಅಂದ್ರ ಸುಳ್ಳು.

ಹಳ್ಳ ಹರದೈತಿ ಅಂತ ನಾ ಹೇಳೂದಿಲ್ಲ.
ಮಳಿ ಆದ ಮ್ಯಾಲೆ ಒಡ್ಡಿನ ಮಗ್ಗಲಿಗೆ
ಹಸಿ ಉಳದೈತಿ, ಅಂಗಾಲಿಗೆ ತಿಳಿಯೂವಷ್ಟು.
ಹುಲ್ಲಿನಾಗ ಗೌಜಲು ತತ್ತಿ ಇಟ್ಟೈತಿ.
ಅದರ ಹೆಸರು ವಹಿಯಾಗ ಇಲ್ಲ,
ಒಂದು ಕಂತೂ ಕಟ್ಟಿಲ್ಲ,
ಆರಾಮ ಕುಂತು ಬಡ್ಡಿ ತಿನ್ನಾಕತ್ತೈತಿ.

ನನ್ನ ಸಾವಿರ ಇನ್ನೂ ಬಾಕಿ.
ಹಳ್ಳ ಕೇಳಿಲ್ಲ.
ನಾಳೆ ಅಮಾಸಿ.
ಕೊಡಲಿ ನಾನಽ ಮಸದಿಟ್ಟೀನಿ.