ಬೀಳಿಸುವ ಕೆಲಸ

ಒಮ್ಮೆ ಬಿದ್ದಿತ್ತು. ಆಷಾಢದ ಒಂದು ಮಂಗಳವಾರ,
ಹುಡುಗರ ಪ್ರಾಕ್ಟಿಕಲ್ ನಡೆದಿರುವಾಗಲೇ
ಕಪ್ಪು ಪರದೆಯ ತುಂಬ ಬಿಳಿಯ ಅಕ್ಷರ ಕಕ್ಕಿ
ಕರ್ನಲ್ಲು ಕಣ್ಣು ಮುಚ್ಚಿತ್ತು.
ಎಚ್ಒಡಿ ಅಂದರು: "ಇನ್ನೊಮ್ಮೆ ಬೀಳಿಸಿ ತೋರಿಸು, ಕರಿಬಸಮ್ಮ.
ತೋರಿಸಲಾಗದ್ದು ರೋಗವಲ್ಲ, ಕನಸು."

ಅಂದಿನಿಂದ ನನಗೆ ಬೀಳಿಸುವ ಕೆಲಸ.

ಏರಿಸು, ಇಳಿಸು. ಏರಿಸು, ಇಳಿಸು.
ಡಿಸ್ಕನ್ನು ಕೊಂಬೆಗೆ ಕಟ್ಟು, ಬಿಚ್ಚು.
ಖಾಲಿ ಡಿಸ್ಕು, ತುಂಬಿ ತುಳುಕುವ ಡಿಸ್ಕು,
ಅರ್ಧ ಅಳಿಸಿದ್ದು, ತನ್ನ ಹೆಸರು ತಾನೇ ಮರೆತದ್ದು.
ಸಾವಿರ ಸಲಕ್ಕೊಂದು ಲೂಪು ಬರೆದು, ಸಾಲದೆ
ಹತ್ತು ಸಾವಿರಕ್ಕೆ ತಿದ್ದಿ,
ಬೀದಿಯಾಚೆ ಮಂಡಕ್ಕಿ ಭಟ್ಟಿ ಹೊತ್ತಿಕೊಳ್ಳುವ ತನಕ ಕಾದೆ.
ಅಲ್ಲಿ ಮರಳು ಕಾದು ಅಕ್ಕಿ ಸಿಡಿಯುವ ಸದ್ದು.
ಇಲ್ಲಿ ಒಂದು ಕಾಳೂ ಸಿಡಿಯದು.

ಗ್ಯಾರೇಜಿಗೆ ಒಯ್ದ ದಿನ ಸದ್ದಡಗುವ ಲೂನಾ,
ಆಸ್ಪತ್ರೆಯ ಮೆಟ್ಟಿಲಲ್ಲಿ ಮಾಯವಾಗುವ ಹಲ್ಲುನೋವು.
ನಾನು ಕಣ್ಣಿಟ್ಟರೆ ಸಾಧು;
ಕಣ್ಣು ತೆಗೆದರೆ, ಯಾರಿಗೆ ಗೊತ್ತು.

"ಎಲ್ಲಾರೂ ಕೆಟ್ಟಿದ್ದು ರಿಪೇರಿ ಮಾಡ್ತಾರೆ.
ನೀವೇನ್ ತಾಯಿ, ಚಲೋ ಇದ್ದದ್ದು ಕೆಡಿಸಾಕೆ
ರಾತ್ರಿಯೆಲ್ಲ ಕುಂತೀರಿ?"
ವಾಚ್‌ಮನ್ ಹಾಲೇಶಪ್ಪ ಟಾರ್ಚು ಆರಿಸಿ ಒಳಗೆ ಬಂದರು.
ಕೈಯಲ್ಲೊಂದು ಪೆನ್‌ಡ್ರೈವು, ಭಜನಾ ಮೇಳದ ಹಾಡು.
"ಮೊಬೈಲಿಗೆ ಹಾಕಿಕೊಡ್ರಿ."
"ಅಲ್ಲೇ ಚುಚ್ರಿ" ಅಂದೆ, ತಲೆಯೆತ್ತದೆ.
ಲೂಪು ಆಗ ಇಳಿಸು ಎಂಬಲ್ಲಿತ್ತು.

ಬಿತ್ತು.

ಅದೇ ಬಿಳಿಯ ಅಕ್ಷರ, ಅದೇ ಸಾಲು.
ನಾನು ಚಪ್ಪಾಳೆ ತಟ್ಟಿದೆ; ಅವರು ಬೆವರಿದರು.
"ನಾ ಏನೂ ಮಾಡಿಲ್ರಿ, ಬರೇ ಚುಚ್ಚಿದೆ."
"ಇನ್ನೊಮ್ಮೆ ಚುಚ್ರಿ."
"ಬ್ಯಾಡ್ರಿ, ಕೆಲಸ ಹೋಗ್ತತಿ."
"ಇನ್ನೊಮ್ಮೆ."
ಏಳು ಸಲ ಚುಚ್ಚಿದರು. ಐದು ಸಲ ಬಿತ್ತು.

ಯಾಕೆಂದು ಹೇಳಹೋದೆ, ನಾಲಿಗೆ ಎಡವಿತು.
ಅವರೇ ಹೇಳಿದರು. ದಾವಣಗೆರೆ ಎಪಿಎಂಸಿಯಲ್ಲಿ
ಇಪ್ಪತ್ತು ವರ್ಷ ಮೆಕ್ಕೆಜೋಳ ಹೊತ್ತ ಹೆಗಲು:
"ಲಾರಿ ಮ್ಯಾಲಿನವ ಚೀಲ ಬಿಡ್ತಾನೆ,
ಕೆಳಗಿನವ ಇನ್ನೂ ಹೆಗಲು ಕೊಟ್ಟಿರಂಗಿಲ್ಲ.
ಇವ ಕೊಟ್ಟೆ ಅಂತಾನೆ, ಅವ ಎಲ್ಲಿ ಅಂತಾನೆ,
ನಡುವೆ ಚೀಲ ಯಾರದೂ ಅಲ್ಲ.
ಅದಕ್ಕೇ ನಾವು, ಕೆಳಗಿನವ 'ಹೂಂ' ಅನ್ನೋತನಕ
ಬೆರಳು ಸಡಿಲ ಬಿಡ್ತಿರಲಿಲ್ಲ."

ಹೂಂ. ಆ ಒಂದು ಸೊಲ್ಲು
ಹನ್ನೆರಡು ಸಾವಿರ ಸಾಲಿನೊಳಗೆ ಎಲ್ಲೂ ಇರಲಿಲ್ಲ.

ಬೆಳಕು ಹರಿಯುವ ಮೊದಲೇ ಬರೆದಿಟ್ಟೆ:
ಏನು ಏರಿಸಿದ್ದು, ಯಾವಾಗ ಇಳಿಸಿದ್ದು,
ಯಾವ ಗಳಿಗೆಯಲ್ಲಿ ಎರಡನೆಯ ಕೈ ಬಂದದ್ದು.
ಏಳರಲ್ಲಿ ಐದು.
ಆಮೇಲೆ ಹಾಲೇಶಪ್ಪನವರ ಪೆನ್‌ಡ್ರೈವು ತೆರೆದು ನೋಡಿದೆ.
ನಲವತ್ತೊಂದು ಹಾಡು ನೆಟ್ಟಗಿದ್ದವು.
ಒಂದು ತೆರೆಯಲಿಲ್ಲ.

ವರದಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.
ಹೊರಗೆ ಗೇಟಿನ ಬೀಗ ತೆಗೆಯುತ್ತಾ
ಅವರು ಯಾವುದೋ ಪದ ಗುನುಗುತ್ತಿದ್ದರು.
ಅದೇ ಹಾಡೋ ಏನೋ,
ಕೇಳಲಿಲ್ಲ ನಾನು.