ಕೊನೆಯ ಹಾಳೆ

ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ
ರಾಜೇಸಾಬನ ರದ್ದಿ ಅಂಗಡಿ.
ಹಳೆಯ ಪೇಪರು, ಪರೀಕ್ಷೆ ಮುಗಿದ ಗೈಡು,
ಹಂಚಿ ಉಳಿದ ಲಗ್ನಪತ್ರಿಕೆಯ ಕಟ್ಟು,
ಅವುಗಳ ನಡುವೆ ಚಿತ್ರಕಥೆಯ ಪುಸ್ತಕ,
ಎಲ್ಲಕ್ಕೂ ಒಂದೇ ದರ, ಕಿಲೋಕ್ಕೆ ಮೂರು ರೂಪಾಯಿ.
"ಕುಂತು ಓದಿದ್ರ ಪುಕ್ಕಟ" ಅನ್ನುತ್ತಿದ್ದ ಸಾಬ,
"ಒಯ್ಯೂದಾದ್ರ ತೂಕ."

ಅಲ್ಲೇ ಸಿಕ್ಕವನು ಹುರುಪೆಯ ಮನುಷ್ಯ.
ಸೇತುವೆಯ ಕೆಳಗೆ ಮನೆ,
ಮೈತುಂಬ ಮೀನಿನಂಥ ಹುರುಪೆ, ಹಸಿರು.
ಅಗ್ಗದ ಅಚ್ಚು. ಆ ಹಸಿರು
ಗೆರೆ ದಾಟಿ ಗಾಳಿಗೂ ಸೋರಿತ್ತು,
ತುಟಿಯ ಕೆಂಪು ಗಲ್ಲಕ್ಕೆ ಜಾರಿತ್ತು.
ಊರು ಅವನಿಗೆ ಕಲ್ಲು ಹೊಡೆಯುತ್ತದೆ.
ಹದಿನೇಳನೇ ಪುಟದಲ್ಲಿ ಹೊಳೆ ಏರುತ್ತದೆ.
ಕುಸಿಯುವ ಕಮಾನಿಗೆ ಅವನು ಬೆನ್ನು ಕೊಡುತ್ತಾನೆ;
ಮೇಲೆ ಮದುವೆಯ ದಿಬ್ಬಣ ದಾಟುತ್ತದೆ,
ಬಾಜಾ ಭಜಂತ್ರಿಯ ಸದ್ದಿಗೆ
ಕೆಳಗಿನ ನರಳಾಟ ಯಾರಿಗೂ ಕೇಳುವುದಿಲ್ಲ.
ಅವನ ಬಾಯಿಂದ ಹೊರಟ ಮಾತಿನ ಗುಳ್ಳೆಯೊಳಗೆ
ಒಂದು ಅಕ್ಷರವೂ ಇಲ್ಲ.

ನಾನು ಅತ್ತೆ. ಸುಮಿತ್ರಾ ಅತ್ತಳು.
ಎಲ್ಲರಿಗೂ ಗುದ್ದುವ ಸಂಗನಗೌಡ ಕೂಡ
ಕಣ್ಣಾಗ ಕಸ ಬಿತ್ತೆಂದು ತೋಳಿನಿಂದ ಒರೆಸಿಕೊಂಡ.
"ಎಂಥಾ ಮಂದಿ ಲೇ, ಒಬ್ರಿಗರ ಗೊತ್ತಾಗಬಾರದ?"
ಎಂದು ಬೈಯುತ್ತ ಎದ್ದೆವು.

ಮರುದಿನ ಸಾಲಿಯಲ್ಲಿ
ಬೆಂಚು ಸರಿಸಿಕೊಂಡು ಕೂತೆವು.

ಮೂರನೇ ಬೆಂಚಿನವನ ಹೆಸರು ವಿರೂಪಾಕ್ಷ.
ನೇಕಾರರ ಹುಡುಗ. ತುಟಿಯ ಸುತ್ತ, ಕಣ್ಣ ಸುತ್ತ
ಬಿಳಿ ಮಚ್ಚೆ ಹಬ್ಬುತ್ತಿತ್ತು, ವರ್ಷಕ್ಕಿಷ್ಟು.
ನಾವು ಅವನ ಹೆಸರಿನ ಕಣ್ಣು ಕಿತ್ತು
ವಿರೂಪಾ ಎಂದು ಕರೆಯುತ್ತಿದ್ದೆವು.
ಅವನು ಹಿಡಿದ ಚಾಕ್‌ಪೀಸು ನಾವು ಮುಟ್ಟುತ್ತಿರಲಿಲ್ಲ,
ಅದೇನೋ ಮೊದಲು ಕರಿ ಇತ್ತು ಅನ್ನುವ ಹಾಗೆ.
ಪಂಚಮಿಗೆ ಅವನ ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ
ಇಡೀ ಡಬ್ಬಿ ಹಾಗೇ ಮನೆಗೆ ಹೋಯಿತು.
ಇದಕ್ಕೂ ಅದಕ್ಕೂ ಏನಾದರೂ ನಂಟಿದೆಯೆಂದು
ನಮಗೆ ಹೊಳೆಯಲೇ ಇಲ್ಲ.
ಅವನು ಹಸಿರು ಇರಲಿಲ್ಲವಲ್ಲ.

ಆ ಪುಸ್ತಕಕ್ಕೆ ಕೊನೆಯ ಹಾಳೆ ಇರಲಿಲ್ಲ.
ಯಾರೋ ಹರಿದಿದ್ದರು, ಹೊಲಿಗೆಯ ಗುಂಟ, ನೀಟಾಗಿ.
ಎಷ್ಟೋ ಸಂಜೆ ನಾವೇ ಕೊನೆ ಕಟ್ಟಿದೆವು:
ಊರು ತಪ್ಪಾಯಿತೆನ್ನುತ್ತದೆ, ಆನೆಯ ಮೇಲೆ ಮೆರವಣಿಗೆ.
ಎಲ್ಲ ಕೊನೆಗಳಲ್ಲೂ
ನಾವು ಒಳ್ಳೆಯವರ ಪೈಕಿ.

ಮೂವತ್ತೊಂದು ವರ್ಷದ ಮೇಲೆ, ಮೊನ್ನೆ,
ತಂಗಿಯ ಮಗಳಿಗೆ ಸೀರೆ ಹೇಳಲು ಹೋದೆ.
ಮಚ್ಚೆಗಳೆಲ್ಲ ಕೂಡಿಕೊಂಡು
ಮೈ ಈಗ ಒಂದೇ ಬಣ್ಣ. ನನಗೆ ಗುರುತು ಸಿಗಲಿಲ್ಲ.
ಅವನಿಗೆ ಸಿಕ್ಕಿತು.
"ಕಸ್ತೂರಿ ಅಲ್ಲೇನು? ರದ್ದಿ ಅಂಗಡ್ಯಾಗ ಓದತಿದ್ದಿ.
ನಾನೂ ಬರತಿದ್ದೆ. ಮುಂಜಾನೆ. ನೀವು ಬರೂಕಿಂತ ಮೊದಲ."

ಕುಣಿಮಗ್ಗದ ತಗ್ಗಿಗೆ ಕಾಲು ಇಳಿಬಿಟ್ಟು
ಒಡಲಿನ ಎಳೆಗೆ ಸೆರಗಿನ ಎಳೆ
ಕೊಂಡಿ ಹಾಕಿ ಕೂಡಿಸುತ್ತಿದ್ದ.
ಒಂದೊಂದೇ. ಸಾವಿರ ಇರಬೇಕು, ಹೆಚ್ಚೂ ಇರಬೇಕು.
"ಆ ಹಾಳಿ ಹರದಾಂವ ನಾನ."

ಯಾಕ ಅಂದೆ.

"ಕೊನೀಗೆ ಯಾವನೋ ಸಾಧು ನೀರು ಚಿಮುಕಸ್ತಾನ.
ಹುರುಪಿ ಉದರತಾವ, ಕೆಂಪಗ ಚಂದಗ ರಾಜಕುಮಾರ ಆಗತಾನ.
ಆಮ್ಯಾಲ ಊರವರು ಬಂದು ಅಪ್ಪಿಕೋತಾರ."
ಎಳೆಯೊಂದನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಬಿಟ್ಟು,
"ಸೇತುವೆ ಹಿಡದಾಂವ ಅವ ಅಲ್ಲಲ್ಲ" ಅಂದ.

ಮಾತು ಹುಡುಕಿದೆ. ಗುಳ್ಳೆಯಷ್ಟೇ ಬಂತು.

ದಡಿ ಇರಲಿ, ಒಡಲು ಯಾವ ಬಣ್ಣ ಎಂದು ಕೇಳಿದ.
ಹಸಿರು ಎಂದುಬಿಟ್ಟೆ,
ಅಂದಮೇಲೆ ನಾಚಿಕೆಯಾಯಿತು.
ಅವನು ನಕ್ಕ, ಹಾಳೆಯಲ್ಲಿ ಅಳತೆ ಬರೆದುಕೊಂಡ.
"ಆ ಪುಸ್ತಕದ್ದು ಗೆರಿ ದಾಟಿತ್ತು, ನೆನಪೈತೇನು?
ನಮ್ಮದು ತೊಳಿ ಬೇಕಾದ್ರ.
ಬಣ್ಣ ಬಿಡಂಗಿಲ್ಲ."