ಹನ್ನೆರಡನೆಯ ಕಲ್ಲು

ಅರುವಜ್ಜ, ನಾನು ಚೋಂದವ್ವ.
ನಾಪೋಕ್ಲಿನಿಂದ ಮೂರು ಬಸ್ಸು ಬದಲಿಸಿ ಬಂದೆ.
ನೀವು ಅವ್ವನ ಹೆಸರು ಹಿಡಿದು ಕರೆಯುತ್ತೀರಿ. ಇರಲಿ,
ಅವಳೂ ಇದೇ ಕೆಲಸಕ್ಕೆ ನಿಮ್ಮಲ್ಲಿಗೆ ಬರಬೇಕೆಂದಿದ್ದಳು,
ಬರಲಿಲ್ಲ.

ನೆನಪಿದೆಯಾ, ನನ್ನ ಮದುವೆಯ ರಾತ್ರಿ,
ದೀಪದ ಮುಂದೆ ಎರಡು ಒಕ್ಕದವರು ಎದುರುಬದುರು ನಿಂತು
ಗದ್ದೆ, ಕೊಟ್ಟಿಗೆ, ಒರಳು, ಒನಕೆ
ಎಲ್ಲದರಲ್ಲೂ ಇವಳಿಗೆ ಹಕ್ಕುಂಟೇ ಎಂದು ನೀವು ಕೇಳಿದ್ದು,
ಉಂಟು, ಉಂಟು ಎಂದು ಆ ಕಡೆಯ ಅರುವ ಅಂದದ್ದು?
ಹನ್ನೆರಡರಲ್ಲಿ ಹನ್ನೊಂದು ಕಲ್ಲು ನನ್ನ ಸೆರಗಿಗೆ ಬಂತು.
ಒಂದು ತವರಿನಲ್ಲೇ ಉಳಿಯಿತು,
ಕಾಲು ಜಾರಿದರೆ ಹಿಂತಿರುಗಲು ಮೆಟ್ಟಿಲು ಎಂದಿರಿ.

ಉಂಟು ಎಂದವನು ಸತ್ತು ಒಂಬತ್ತು ಮಳೆಗಾಲ.
ಅವರೂ ಹೋದರು, ಕಳೆದ ಕೈಲ್‌ಪೊಳ್ದಿನ ಹಿಂದಿನ ವಾರ.
ಕಾಫಿಗೆ ರೇಟು ಬಂದ ವರ್ಷ
ಮೈದುನರಿಗೆ ಮಾತು ಮರೆತುಹೋಯಿತು.
ಮಡಿಕೇರಿಯ ಆಫೀಸಿನಲ್ಲಿ ಗುಮಾಸ್ತ ಒಳ್ಳೆಯವನೇ,
ಕುರ್ಚಿ ಕೊಟ್ಟ, ಪಹಣಿ ತೋರಿಸಿದ.
ಜಮ್ಮಾ ಜಾಗ ನೋಡಿ ಅಕ್ಕ, ಪಟ್ಟೆದಾರರ ಸಹಿ ಬೇಕು, ಅಂದ.
ಅದರಲ್ಲಿ ಸತ್ತ ಗಂಡಸರು ಆರು ಜನ ಇದ್ದರು.
ಬದುಕಿರುವ ನಾನು ಇರಲಿಲ್ಲ.
ಸೆರಗಿನ ಗಂಟು ಬಿಚ್ಚಿ ಕಲ್ಲುಗಳನ್ನು ಮೇಜಿನ ಮೇಲಿಟ್ಟೆ.
ಅವನು ಅವುಗಳನ್ನು ಒಂದು ಕಡೆ ಸರಿಸಿದ,
ಫ್ಯಾನಿಗೆ ಹಾರುತ್ತಿದ್ದ ಕಾಗದದ ಮೇಲೆ.

ತವರಿಗೂ ಹೋಗಿದ್ದೆ. ಅಣ್ಣ ಹಂದಿಕರಿ ಮಾಡಿಸಿದ,
ಕಡಂಬಿಟ್ಟು ತಾನೇ ಬಡಿಸಿದ.
ತಿಂಗಳಿರು, ವರ್ಷವಿರು ತಂಗೀ, ನಿನ್ನ ಮನೆ ಇದು;
ಗದ್ದೆಯ ಮಾತು ಮಾತ್ರ ಬೇಡ.
ಒಂಟಿ ಕಲ್ಲು ಕೇಳಿದೆ. ಯಾವ ಕಲ್ಲು? ಅಂದ.
ಅಣಕಿಸಲಿಲ್ಲ ಅಜ್ಜ, ನಿಜಕ್ಕೂ ಗೊತ್ತಿರಲಿಲ್ಲ ಅವನಿಗೆ.

ಹಾಗಾಗಿ ನಿಮ್ಮ ಕೈ ಕೊಡಿ.
ಒಂದು... ಎರಡು... ನೀವೇ ಎಣಿಸುತ್ತಿದ್ದೀರಿ,
ಮಗನ ಹೆಸರು ಮರೆತ ಬಾಯಿಯಲ್ಲಿ
ಲೆಕ್ಕ ತಪ್ಪಲಿಲ್ಲ.
ಹನ್ನೊಂದಾದ ಮೇಲೂ ಅಂಗೈ ಮಡಚಲಿಲ್ಲ.
ಇನ್ನೊಂದು ಎಲ್ಲಿ? ಎಂದಿರಿ.

ಅಷ್ಟು ಸಾಕು.
ಅರ್ಜಿ ಬರೆದು ತಂದಿದ್ದೇನೆ, ಕೊನೆಯಲ್ಲಿ ಸಾಕ್ಷಿ ಎಂದಿದೆ.
ಮೇಷ್ಟರಾಗಿ ಸಾವಿರ ಸಹಿ ಹಾಕಿದ ಕೈ ನಡುಗುತ್ತದೆ,
ಹೆಬ್ಬೆಟ್ಟು ನಡೆಯುತ್ತದಂತೆ.
ನೀವು ಏನು ಒತ್ತುತ್ತಿದ್ದೀರಿ ಎಂದು ನಿಮಗೆ ತಿಳಿಯದು,
ಇದು ಮೋಸವೋ, ನನಗೂ ತಿಳಿಯದು.
ಸೊಸೆ ಕಾಫಿ ತರುವಷ್ಟರಲ್ಲಿ ಮುಗಿಸೋಣ.
ಮಸಿಯ ಡಬ್ಬಿ ಇಗೋ.
ಕೈ ಹಾಗೇ ಇಟ್ಟಿರಿ, ಅಜ್ಜ,
ಆ ಇನ್ನೊಂದಕ್ಕೆ ಚಾಚಿದ ಹಾಗೇ.